ಎಸ್ ಮೇಲಿನ ಓರೆಗೆರೆ: ಯಾವ ಭಾಷೆಯಲ್ಲಿ ಏನು, ನಮ್ಮ ಊರ ಹೆಸರುಗಳಲ್ಲಿ ಬಳಸುವುದು ಹೇಗೆ

ಕನ್ನಡದಲ್ಲಿ ಸ, ಶ, ಷ ಎಂದು ಮೂರು ಅಕ್ಷರಗಳಿವೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಸಿಗುವುದು ಒಂದು ಎಸ್, ಬೇಕೆನಿಸಿದರೆ ಪಕ್ಕದಲ್ಲೊಂದು ಎಚ್. ಅದನ್ನು ಯಾವಾಗ ಸೇರಿಸಬೇಕು, ಯಾವಾಗ ಬಿಡಬೇಕು ಎಂಬುದಕ್ಕೆ ನಿಯಮವಿಲ್ಲ. ಹಾಗಾಗಿಯೇ ಸಕಲೇಶಪುರದ ಶಕಾರಕ್ಕೆ ಎಚ್ ಬಂದಿದೆ, ಶೃಂಗೇರಿಯ ಶಕಾರಕ್ಕೆ ಬಂದಿಲ್ಲ, ಶ್ರವಣಬೆಳಗೊಳದ ಹೆಸರು ಒಂದು ಕಡೆ ಎಚ್ ಇದ್ದು, ಇನ್ನೊಂದು ಕಡೆ ಇಲ್ಲದೆ ಕಾಣಿಸುತ್ತದೆ. ಶಾಸನದ ಪಾಠ, ಸಂಶೋಧನಾ ಲೇಖನ, ದೇವಾಲಯದ ಕೈಪಿಡಿ, ವಸ್ತುಸಂಗ್ರಹಾಲಯದ ಫಲಕ ಬರೆಯುವವರಿಗೆ ಈ ಸಡಿಲು ಸಾಕಾಗುವುದಿಲ್ಲ. ಅವರಿಗೆ ಬೇಕಾದದ್ದು ಗುರುತಿರುವ ರೋಮನ್ ಅಕ್ಷರಗಳು. ಅವುಗಳಲ್ಲಿ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹೆಸರುಗಳಿಗೆ ಹೆಚ್ಚು ಬೇಕಾಗುವುದು, ಹೆಚ್ಚು ತಪ್ಪಾಗುವುದು, ತಲೆಯ ಮೇಲೆ ಓರೆಗೆರೆ ಹೊತ್ತ ಎಸ್.

ಮುಂದೆ ಓರೆಗೆರೆ ಎಂದರೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುವ ಗೆರೆ. ಅಡ್ಡಗೆರೆ ಎಂದರೆ ಸ್ವರದ ನೆತ್ತಿಯ ಮೇಲೆ ಮಲಗಿದ ಗೆರೆ. ಕೆಳಚುಕ್ಕೆ ಎಂದರೆ ಅಕ್ಷರದ ಅಡಿಯ ಚುಕ್ಕೆ. ರೋಮನ್ ವ್ಯಂಜನಗಳನ್ನು ಎಸ್, ಎನ್, ಎಲ್ ಎಂದೇ ಕರೆಯುತ್ತೇವೆ. ಸ್ವರಗಳ ವಿಷಯ ಬಂದಾಗ ಗೊಂದಲವಾಗದಿರಲೆಂದು ಆ, ಏ, ಓ ಎಂದು ಕನ್ನಡದ ಸ್ವರವನ್ನೇ ಹೇಳುತ್ತೇವೆ.

ಗುರುತಿಗೆ ತನ್ನದೇ ಆದ ಉಚ್ಚಾರಣೆ ಇಲ್ಲ

ಮೊದಲು ತಲೆಯಿಂದ ತೆಗೆಯಬೇಕಾದ ನಂಬಿಕೆ ಇದು: ಒಂದು ಗುರುತಿಗೆ ಜಗತ್ತಿನಾದ್ಯಂತ ಒಂದೇ ಬೆಲೆ ಇದೆ ಎಂಬುದು. ಚಿಕ್ಕಮಗಳೂರಿನ ಕೆಫೆ ಬೋರ್ಡುಗಳ ಮೇಲೆ ಕಾಣುವ ಓರೆಗೆರೆಯನ್ನೇ ತೆಗೆದುಕೊಳ್ಳಿ. ಅದು ಫ್ರೆಂಚ್ ಕಾಗುಣಿತ. ಅಲ್ಲಿ ಗೆರೆ ಸ್ವರದ ಬಗೆಯನ್ನು ಹೇಳುತ್ತದೆ. ಅದೇ ಕಾಫಿಯನ್ನು ಇಟಾಲಿಯನ್ನಿನಲ್ಲಿ ಬರೆದರೆ ಎಫ್ ಎರಡಾಗುತ್ತದೆ, ಕೊನೆಯ ಗೆರೆ ಎಡಕ್ಕೆ ವಾಲುತ್ತದೆ. ಸ್ಪ್ಯಾನಿಷ್‌ನಲ್ಲಿ ಓರೆಗೆರೆ ಎಂದರೆ ಒತ್ತು ಬೀಳುವ ಸ್ವರ. ಚೆಕ್ ಮತ್ತು ಹಂಗೇರಿಯನ್‌ನಲ್ಲಿ ಸ್ವರದ ಮೇಲಿನ ಅದೇ ಗೆರೆ ನಮ್ಮ ದೀರ್ಘದ ಕೆಲಸ ಮಾಡುತ್ತದೆ. ಆದ್ದರಿಂದ ಗುರುತು ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ‘ಇದನ್ನು ಹೇಗೆ ಓದುವುದು’ ಎಂದಲ್ಲ, ‘ಇದು ಯಾವ ಭಾಷೆಯ ಬರಹ’ ಎಂದು.

ಎಸ್ ಮೇಲಿನ ಓರೆಗೆರೆಯನ್ನು ದಿನಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ಪೋಲಿಷ್‌ನಲ್ಲಿ. ಅಲ್ಲಿನ ಏರ್ಪಾಡು ಕನ್ನಡಿಗರಿಗೆ ಬಹಳ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಪೋಲಿಷ್‌ನಲ್ಲೂ ಸ, ಶ, ಷಗಳಂಥ ಮೂರು ಊಷ್ಮ ಧ್ವನಿಗಳಿವೆ. ಬರೀ ಎಸ್ ನಮ್ಮ ಸ. ಓರೆಗೆರೆಯ ಎಸ್ ನಾಲಗೆಯ ನಡುಭಾಗ ತಾಲುವಿನ ಕಡೆ ಏರಿ ಹುಟ್ಟುವ ಮೃದುವಾದ ಶ. ಎಸ್ ಮುಂದೆ ಜೆಡ್ ಇಟ್ಟು ಬರೆಯುವುದು ನಾಲಗೆ ಹಿಂದಕ್ಕೆ ಸರಿದು ಬರುವ ಗಡಸು ಷ. ಬುಧವಾರಕ್ಕೆ ಅವರು ಹೇಳುವ ಪದ ‘ಶ್ರೊದಾ’. ಅದರ ಆರಂಭ ನಮ್ಮ ‘ಶ್ರ’ಕ್ಕೆ ತೀರಾ ಹತ್ತಿರ. ಪೋಲೆಂಡಿನಿಂದ ಬಂದ ಪ್ರವಾಸಿ ಓರೆಗೆರೆ ಹಾಕಿದ ‘ಶ್ರವಣಬೆಳಗೊಳ’ದ ಮೊದಲ ಅಕ್ಷರವನ್ನು ಯಾರೂ ಹೇಳಿಕೊಡದೆ ಸರಿಯಾಗಿ ಓದುತ್ತಾನೆ. ಒಂದು ನಿಯಮ ಮಾತ್ರ ನೆನಪಿಡಬೇಕು: ಪೋಲಿಷ್‌ನಲ್ಲಿ ಈ ಅಕ್ಷರ ವ್ಯಂಜನಕ್ಕೆ ಮೊದಲು ಮತ್ತು ಪದದ ಕೊನೆಯಲ್ಲಿ ಬರುತ್ತದೆ. ಸ್ವರಕ್ಕೆ ಮೊದಲು ಬಂದಾಗ ಗೆರೆ ಹೋಗಿ, ಎಸ್ ಜೊತೆ ಐ ಸೇರಿ ಅದೇ ಉಚ್ಚಾರಣೆ ಕೊಡುತ್ತದೆ. ಅಲ್ಲಿ ಇದು ಎಸ್‌ನ ಅಲಂಕಾರವಲ್ಲ, ಪ್ರತ್ಯೇಕ ಅಕ್ಷರ. ನಿಘಂಟಿನಲ್ಲಿ ಎಸ್ ಮುಗಿದ ಮೇಲೆ ಇದರ ವಿಭಾಗ ಶುರುವಾಗುತ್ತದೆ. ಅಚ್ಚಿನಲ್ಲಿ ಅವರ ಗೆರೆ ಫ್ರೆಂಚ್ ಗೆರೆಗಿಂತ ಕಡಿದಾಗಿ ನಿಂತಿರುತ್ತದೆ.

ಜರ್ಮನಿಯ ಪೂರ್ವದಲ್ಲಿ ಕಾಟ್‌ಬುಸ್ ಸುತ್ತ ಉಳಿದಿರುವ ಕೆಳ ಸೋರ್ಬಿಯನ್ ಭಾಷೆಯಲ್ಲೂ ಈ ಅಕ್ಷರಕ್ಕೆ ಇದೇ ಬೆಲೆ. ಮಾಂಟೆನೆಗ್ರೊ ತನ್ನ ವರ್ಣಮಾಲೆಗೆ ಇದನ್ನು ಸೇರಿಸಿಕೊಂಡದ್ದು 2009ರಲ್ಲಿ. ಅಲ್ಲಿ ‘ನಾಳೆ’ ಎಂಬ ಪದವನ್ನು ಓರೆಗೆರೆಯ ಎಸ್‌ನಿಂದಲೂ ಬರೆಯಬಹುದು, ಎಸ್ ಮತ್ತು ಜೆ ಕೂಡಿಸಿಯೂ ಬರೆಯಬಹುದು, ಎರಡೂ ಸರಿ.

ಇನ್ನು ಹೀಬ್ರೂ. ಹಳೆಯ ಹೀಬ್ರೂವನ್ನು ರೋಮನ್ ಅಕ್ಷರಗಳಿಗೆ ತರುವ ವಿದ್ವಾಂಸರು ‘ಸಿನ್’ ಎಂಬ ಅಕ್ಷರಕ್ಕೆ ಓರೆಗೆರೆಯ ಎಸ್ ಬಳಸುತ್ತಾರೆ. ಅದರ ಈಗಿನ ಉಚ್ಚಾರಣೆ ಬರೀ ಸ. ಶಕಾರಕ್ಕೆ, ಅಂದರೆ ‘ಶಿನ್’ಗೆ, ಅವರು ಎಸ್ ಮೇಲೆ ಪುಟ್ಟ ವಿ ಆಕಾರದ ಗುರುತು ಇಡುತ್ತಾರೆ. ನಮ್ಮ ಅಭ್ಯಾಸದಲ್ಲಿ ಓರೆಗೆರೆ ಕಂಡರೆ ಶ ಎಂದು ಓದುವವರು ಬೈಬಲ್ ಅಧ್ಯಯನದ ಪುಸ್ತಕದಲ್ಲಿ ಎಡವುವುದು ಇಲ್ಲೇ.

ಒಡಹುಟ್ಟಿದವರಂತೆ ಕಾಣುವ ಬೇರೆ ಎಸ್‌ಗಳು

ವಿ ಗುರುತಿನ ಎಸ್ ಚೆಕ್, ಸ್ಲೋವಾಕ್, ಸ್ಲೋವೇನಿಯನ್, ಕ್ರೊಯೇಷಿಯನ್, ಲಿಥುವೇನಿಯನ್, ಲಾಟ್ವಿಯನ್ ಭಾಷೆಗಳದ್ದು. ಉಚ್ಚಾರಣೆ ಇಂಗ್ಲಿಷಿನ ಎಸ್ ಎಚ್‌ನಂತೆ. ಟೋಪಿ ಇಟ್ಟ ಎಸ್ 1887ರಲ್ಲಿ ಹೊರಬಂದ ಎಸ್ಪರಾಂಟೊ ಭಾಷೆಯದ್ದು. ಅಡಿಯಲ್ಲಿ ಕೊಕ್ಕೆ ಇರುವ ಎಸ್ 1928ರಲ್ಲಿ ತುರ್ಕಿ ಹೊಸ ಲಿಪಿಗೆ ಬಂದಾಗಿನಿಂದ ಟರ್ಕಿಷ್‌ನಲ್ಲಿದೆ, ಅಜರ್ಬೈಜಾನಿಯಲ್ಲೂ ಇದೆ. ಅಡಿಯಲ್ಲಿ ಬಿಡಿಯಾದ ಅಲ್ಪವಿರಾಮ ಇರುವ ಎಸ್ ರೊಮೇನಿಯನ್ನರದ್ದು. ಇವೆರಡೂ ನೋಡಲು ಎಷ್ಟು ಹತ್ತಿರವೆಂದರೆ, ಕಂಪ್ಯೂಟರಿನ ಹಳೆಯ ಸಂಕೇತ ಪಟ್ಟಿಗಳಲ್ಲಿ ರೊಮೇನಿಯನ್ನರ ಅಕ್ಷರಕ್ಕೆ ಪ್ರತ್ಯೇಕ ಜಾಗವೇ ಇರಲಿಲ್ಲ, ಟರ್ಕಿಷ್ ಕೊಕ್ಕೆಯಲ್ಲೇ ಕೆಲಸ ನಡೆಯುತ್ತಿತ್ತು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯ 1999ರ 3.0 ಆವೃತ್ತಿಯಲ್ಲಿ ಅದಕ್ಕೆ ಸ್ವಂತ ಸ್ಥಾನ ಸಿಕ್ಕಿತು. ಒಂದು ಸಣ್ಣ ಗುರುತಿನ ಜಾಗ ತಪ್ಪಿದರೆ ಒಂದು ಭಾಷೆಯವರು ವರ್ಷಗಟ್ಟಲೆ ತಮ್ಮ ಹೆಸರನ್ನು ಬೇರೆಯವರ ಅಕ್ಷರದಲ್ಲಿ ಬರೆಯಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆಳಚುಕ್ಕೆಯ ಎಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಂಸ್ಕೃತ, ಕನ್ನಡಗಳ ಲಿಪ್ಯಂತರದಲ್ಲಿ ಅದು ಮೂರ್ಧನ್ಯ ಷ. ಅರೇಬಿಕ್ ಲಿಪ್ಯಂತರದಲ್ಲಿ ಅದು ಗಂಟಲು ಬಿಗಿದು ಹೇಳುವ ದಪ್ಪ ಸ. ನೈಜೀರಿಯಾದ ಯೊರುಬಾ ಭಾಷೆಯಲ್ಲಿ ಅದು ದಿನಬಳಕೆಯ ಅಕ್ಷರ, ಉಚ್ಚಾರಣೆ ಶ.

ಸಂಸ್ಕೃತ, ಪ್ರಾಕೃತ, ಕನ್ನಡ

ಸಂಸ್ಕೃತದ ಶಕಾರಕ್ಕೆ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹಲವರು ಫ್ರೆಂಚ್ ಮಾದರಿಯ ಕೊಕ್ಕೆಯ ಸಿ ಬಳಸುತ್ತಿದ್ದರು. ಹಳೆಯ ಪುಸ್ತಕಗಳಲ್ಲಿ ಶಿವ, ಶಕುಂತಲೆ ಆ ಸಿ-ಯಿಂದ ಶುರುವಾಗುವುದನ್ನು ಈಗಲೂ ನೋಡಬಹುದು. 1894ರ ಜಿನೀವಾ ಪ್ರಾಚ್ಯವಿದ್ಯಾ ಸಮ್ಮೇಳನದ ತೀರ್ಮಾನಗಳಿಂದ ಬೆಳೆದು ಬಂದ ಪದ್ಧತಿಯನ್ನು ಐಎಎಸ್‌ಟಿ ಎನ್ನುತ್ತಾರೆ. ಅದರಲ್ಲಿ ಶ ಎಂದರೆ ಓರೆಗೆರೆಯ ಎಸ್, ಷ ಎಂದರೆ ಕೆಳಚುಕ್ಕೆಯ ಎಸ್, ಸ ಎಂದರೆ ಗುರುತಿಲ್ಲದ ಎಸ್. 2001ರ ಐಎಸ್ಒ 15919 ಮಾನದಂಡ ಈ ಮೂರನ್ನೂ ಹಾಗೆಯೇ ಇಟ್ಟುಕೊಂಡಿತು.

ಕನ್ನಡಕ್ಕೆ ಇವೆರಡರಲ್ಲಿ ಐಎಸ್ಒ ಪದ್ಧತಿಯನ್ನೇ ಆರಿಸಿಕೊಳ್ಳಿ. ಐಎಎಸ್‌ಟಿ ಹುಟ್ಟಿದ್ದು ಸಂಸ್ಕೃತಕ್ಕಾಗಿ. ಸಂಸ್ಕೃತದಲ್ಲಿ ಏ, ಓ ಯಾವಾಗಲೂ ದೀರ್ಘ, ಅದಕ್ಕಾಗಿ ಅಲ್ಲಿ ಅವುಗಳಿಗೆ ಅಡ್ಡಗೆರೆ ಹಾಕುವುದಿಲ್ಲ. ನಮಗೆ ಎ-ಏ, ಒ-ಓ ಎರಡೆರಡೂ ಇವೆ. ಅಡ್ಡಗೆರೆ ಬಿಟ್ಟರೆ ಬೆಳೆಯೂ ಬೇಳೆಯೂ ಒಂದೇ ಆಗಿಬಿಡುತ್ತವೆ. ಐಎಸ್ಒ ದೀರ್ಘಕ್ಕೆ ಮಾತ್ರ ಅಡ್ಡಗೆರೆ ಕೊಟ್ಟು ಈ ತೊಡಕನ್ನು ಬಿಡಿಸುತ್ತದೆ. ಹಳಗನ್ನಡದ ಱ, ೞ ಅಕ್ಷರಗಳಿಗೂ ಅದರಲ್ಲಿ ಜಾಗವಿದೆ: ಆರ್ ಅಡಿಯಲ್ಲಿ ಗೆರೆ, ಎಲ್ ಅಡಿಯಲ್ಲಿ ಗೆರೆ. ಹೊಯ್ಸಳ ಶಾಸನಗಳನ್ನು ಮುಟ್ಟುವವರಿಗೆ ಇವು ಬೇಕೇ ಬೇಕು.

ಶ್ರವಣಬೆಳಗೊಳದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿ ಎದುರಾಗುತ್ತದೆ. ಜೈನ ಗ್ರಂಥಗಳ ಶೌರಸೇನಿ, ಅರ್ಧಮಾಗಧಿ ಪ್ರಾಕೃತಗಳಲ್ಲಿ ಶ, ಷ ಇಲ್ಲ, ಇರುವುದು ಸ ಒಂದೇ. ಸಂಸ್ಕೃತದ ಶ್ರಮಣ ಅಲ್ಲಿ ಸಮಣ. ಮಾಗಧಿ ಇದಕ್ಕೆ ತಿರುವುಮುರುವು, ಅಲ್ಲಿ ಶ ಮಾತ್ರ. ಶೌರಸೇನಿ ಎಂಬ ಸಂಸ್ಕೃತ ಹೆಸರಿಗೆ ಓರೆಗೆರೆ ಬೇಕು, ಆ ಭಾಷೆಯ ಪಾಠಕ್ಕೆ ಬೇಡ. ಒಂದೇ ಪುಟದಲ್ಲಿ ಸಂಸ್ಕೃತ ಶ್ಲೋಕವೂ ಪ್ರಾಕೃತ ಗಾಹೆಯೂ ಇದ್ದಾಗ ‘ಒಂದೇ ಥರ ಇರಲಿ’ ಎಂದು ಎಲ್ಲ ಕಡೆ ಗೆರೆ ತುಂಬಿದರೆ ಪಾಠವೇ ಕೆಡುತ್ತದೆ.

ಕನ್ನಡದ ತದ್ಭವಗಳಿಗೂ ಇದೇ ಮಾತು. ಆಶಾ ಕನ್ನಡಕ್ಕೆ ಬಂದು ಆಸೆ, ಭಾಷಾ ಬಂದು ಬಾಸೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯನ್ನು ನೋಡಿ: ಹೊಯ್ಸಳರ ಮೂಲಸ್ಥಾನವೆಂದು ಹೆಸರಾದ ಆ ಊರು ಕನ್ನಡದಲ್ಲಿ ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಸೊಸೆವೂರಿನ ಎರಡೂ ಎಸ್‌ಗೆ ಗುರುತಿಲ್ಲ, ಶಶಕಪುರದ ಎರಡಕ್ಕೂ ಓರೆಗೆರೆ. ಕಲ್ಲಿನಲ್ಲಿ ಶ ಇರಬೇಕಾದ ಕಡೆ ಸ ಕೆತ್ತಿದ್ದರೆ ಲಿಪ್ಯಂತರದಲ್ಲೂ ಗುರುತಿಲ್ಲದ ಎಸ್ ಇರಲಿ. ತಿದ್ದುಪಡಿ ಹೇಳಬೇಕೆನಿಸಿದರೆ ಅಡಿಟಿಪ್ಪಣಿಯಲ್ಲಿ ಹೇಳಿ. ಬಿ. ಎಲ್. ರೈಸ್ ಸಂಪಾದಿಸಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು (ಹಳೆಯ ಕಡೂರು ಜಿಲ್ಲೆಯದು 1901ರದ್ದು, ಹಾಸನದ್ದು 1902ರದ್ದು) ಬಳಸುವಾಗ ಅಲ್ಲಿನ ರೋಮನ್ ಪಾಠವನ್ನು ಐಎಸ್ಒ ಎಂದುಕೊಂಡು ನಕಲಿಸಬೇಡಿ. ಅದು ನೂರು ವರ್ಷ ಹಿಂದಿನ ಪದ್ಧತಿ. ಕನ್ನಡ ಪಾಠವನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆಯುವುದೇ ಕ್ಷೇಮ.

ಊರ ಹೆಸರು ಬರೆಯುವ ಕ್ರಮ

ಇಂಗ್ಲಿಷ್ ಬೋರ್ಡಿನಿಂದ ಶುರು ಮಾಡಬೇಡಿ. ಕನ್ನಡ ಕಾಗುಣಿತ ಬರೆದುಕೊಳ್ಳಿ, ಅಕ್ಷರ ಬಿಡಿಸಿ, ಪ್ರತಿ ಅಕ್ಷರಕ್ಕೆ ರೋಮನ್ ರೂಪ ಕೊಡಿ, ಕೊನೆಗೆ ರೋಮನ್‌ನಿಂದ ಕನ್ನಡಕ್ಕೆ ಹಿಂದಿರುಗಿ ಓದಿ ನೋಡಿ. ಹಿಂದಿರುಗಿದಾಗ ಅದೇ ಪದ ಸಿಗದಿದ್ದರೆ ಎಲ್ಲೋ ಗುರುತು ಬಿದ್ದುಹೋಗಿದೆ ಎಂದರ್ಥ.

ಶ್ರವಣಬೆಳಗೊಳ: ಎಸ್‌ಗೆ ಓರೆಗೆರೆ, ಎನ್‌ಗೆ ಕೆಳಚುಕ್ಕೆ, ಎರಡೂ ಎಲ್‌ಗಳಿಗೆ ಕೆಳಚುಕ್ಕೆ. ಸ್ವರಗಳೆಲ್ಲ ಹ್ರಸ್ವ, ಆದ್ದರಿಂದ ಅಡ್ಡಗೆರೆ ಒಂದೂ ಇಲ್ಲ. ಸಕಲೇಶಪುರ: ಮೊದಲ ಎಸ್ ಬರೀ ಎಸ್, ಏ-ಗೆ ಅಡ್ಡಗೆರೆ, ಎರಡನೆಯ ಎಸ್‌ಗೆ ಓರೆಗೆರೆ. ಶೆಟ್ಟಿಹಳ್ಳಿ: ಎಸ್‌ಗೆ ಓರೆಗೆರೆ, ಎರಡು ಟಿ ಮತ್ತು ಎರಡು ಎಲ್‌ಗಳಿಗೆ ಕೆಳಚುಕ್ಕೆ, ಒತ್ತಕ್ಷರದಲ್ಲಿ ಒಂದಕ್ಕೆ ಮಾತ್ರ ಚುಕ್ಕೆ ಇಟ್ಟು ಮರೆಯುವುದು ತೀರಾ ಸಾಮಾನ್ಯ. ಹಳೇಬೀಡು: ಎಲ್ ಮತ್ತು ಡಿ-ಗೆ ಕೆಳಚುಕ್ಕೆ, ಏ ಮತ್ತು ಈ-ಗೆ ಅಡ್ಡಗೆರೆ. ಹಾಸನಕ್ಕೆ ಆ-ದ ಮೇಲೊಂದು ಅಡ್ಡಗೆರೆ ಸಾಕು, ಎಸ್ ಒಂದೇ. ವಿಷ್ಣುವರ್ಧನನ ಹೆಸರಿನಲ್ಲಿ ಎಸ್ ಮತ್ತು ಅದರ ಮುಂದಿನ ಎನ್ ಎರಡಕ್ಕೂ ಕೆಳಚುಕ್ಕೆ, ಕೊನೆಯ ಎನ್‌ಗೆ ಇಲ್ಲ.

ಶೃಂಗೇರಿ ಎಲ್ಲಕ್ಕಿಂತ ಕಷ್ಟದ ಹೆಸರು. ಎಸ್‌ಗೆ ಓರೆಗೆರೆ ಸರಿ. ಮುಂದಿನದು ರಕಾರವಲ್ಲ, ಋಕಾರ. ಐಎಎಸ್‌ಟಿಯಲ್ಲಿ ಅದಕ್ಕೆ ಆರ್ ಅಡಿಯಲ್ಲಿ ಚುಕ್ಕೆ, ಐಎಸ್ಒದಲ್ಲಿ ಪುಟ್ಟ ಉಂಗುರ. ಅನುಸ್ವಾರದ ನಂತರ ಗಕಾರ ಇರುವುದರಿಂದ ಎನ್ ತಲೆಯ ಮೇಲೆ ಚುಕ್ಕೆ. ಏ-ಗೆ ಅಡ್ಡಗೆರೆ. ಆರ್ ಮುಂದೆ ಐ ಸೇರಿಸಿ ‘ಶ್ರಿಂಗೇರಿ’ ಮಾಡಿ, ಎಸ್‌ಗೆ ಮಾತ್ರ ಓರೆಗೆರೆ ಕೊಟ್ಟ ಅರೆಬರೆ ರೂಪ ಬಹಳ ಕಡೆ ಕಾಣುತ್ತದೆ. ಅದಕ್ಕಿಂತ ಗುರುತೇ ಇಲ್ಲದ ಸಾದಾ ಕಾಗುಣಿತ ಮೇಲು.

ಅರೆಬರೆಯ ಇನ್ನೊಂದು ಮಾದರಿ ಚಿಕ್ಕಮಗಳೂರು. ಈ ಪದ್ಧತಿಯಲ್ಲಿ ಚ ಎಂದರೆ ಬರೀ ಸಿ. ಸಿ ಎಚ್ ಎಂದರೆ ಛ. ಎಲ್‌ಗೆ ಚುಕ್ಕೆ, ಊ-ಗೆ ಅಡ್ಡಗೆರೆ ಹಾಕಿ ಮೊದಲಲ್ಲಿ ಸಿ ಎಚ್ ಉಳಿಸಿಕೊಂಡರೆ ಊರು ‘ಛಿಕ್ಕಮಗಳೂರು’ ಆಗುತ್ತದೆ. ಹಾಗೆಯೇ ಓರೆಗೆರೆಯ ಎಸ್ ಬರೆದ ಮೇಲೆ ಪಕ್ಕದಲ್ಲಿ ಎಚ್ ಬೇಡ. ಎರಡೂ ಇಟ್ಟರೆ ಶಕಾರದ ಮುಂದೊಂದು ಹಕಾರ ಸೇರಿಸಿದಂತೆ.

ಅಭ್ಯಾಸಕ್ಕೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಮೊದಲ ಶ್ಲೋಕಕ್ಕಿಂತ ಒಳ್ಳೆಯ ಪಾಠ ಸಿಗದು. ಶ್ರೀ, ಶಾರ್ಙ್ಗ, ಪರಿಷ್ವಙ್ಗ, ಶಿಷ್ಟ, ಸುದರ್ಶನ ಎಲ್ಲವೂ ಅದರಲ್ಲಿವೆ. ಶಿಷ್ಟ ಪದದಲ್ಲಿ ಮೊದಲು ಓರೆಗೆರೆ, ಆಮೇಲೆ ಕೆಳಚುಕ್ಕೆ. ಸುದರ್ಶನದಲ್ಲಿ ಮೊದಲು ಬರೀ ಎಸ್, ಆಮೇಲೆ ಓರೆಗೆರೆ. ಮಾತಿನಲ್ಲಿ ಶ, ಷ ಎರಡನ್ನೂ ಒಂದೇ ಥರ ಹೇಳುವ ರೂಢಿ ಇರುವುದರಿಂದ ಕಿವಿಯನ್ನು ನಂಬಬಾರದು, ಕನ್ನಡ ಅಕ್ಷರವನ್ನೇ ನೋಡಬೇಕು.

ಟೈಪು ಮಾಡುವುದು

ವಿಂಡೋಸ್‌ನ ವರ್ಡ್‌ನಲ್ಲಿ ಸೊನ್ನೆ, ಒಂದು, ಐದು, ಬಿ ಎಂದು ಬರೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಓರೆಗೆರೆಯ ಎಸ್‌ನ ಸಣ್ಣಕ್ಷರ ಬರುತ್ತದೆ. ಬಿ ಬದಲು ಎ ಇಟ್ಟರೆ ದೊಡ್ಡಕ್ಷರ. ಪದದ ನಡುವೆ ಮಾಡುವಾಗ ಒಂದು ಅಪಾಯವಿದೆ: ಹಿಂದಿನ ಅಕ್ಷರ ಎ-ಯಿಂದ ಎಫ್ ಒಳಗಿನದಾದರೆ ವರ್ಡ್ ಅದನ್ನೂ ಸಂಕೇತದ ಭಾಗವೆಂದು ತಿಳಿದು ಬೇರೇನನ್ನೋ ಕೊಡುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಖಾಲಿ ಜಾಗ ಬಿಟ್ಟು ಅಕ್ಷರ ಮೂಡಿಸಿ, ಆಮೇಲೆ ಜಾಗ ಅಳಿಸಿ. ದಿನವೂ ಬೇಕಾದರೆ ಪೋಲಿಷ್ ಪ್ರೋಗ್ರಾಮರ್ಸ್ ಕೀಲಿಮಣೆ ಸೇರಿಸಿಕೊಳ್ಳಿ; ಬಲಗಡೆಯ ಆಲ್ಟ್ ಹಿಡಿದು ಎಸ್ ಒತ್ತಿದರೆ ಸಾಕು. ಆದರೆ ಅದರಲ್ಲಿ ಕೆಳಚುಕ್ಕೆಗಳಿಲ್ಲ. ಅವಕ್ಕೆ ವರ್ಡ್‌ನ ಆಟೋಕರೆಕ್ಟ್‌ನಲ್ಲಿ ನಿಮ್ಮದೇ ಸಂಕ್ಷೇಪಗಳನ್ನು ಕಟ್ಟಿಕೊಳ್ಳುವುದು ಒಳ್ಳೆಯದು, ಉದಾಹರಣೆಗೆ ಎನ್ ಪಕ್ಕ ಎರಡು ಚುಕ್ಕೆ ಹೊಡೆದರೆ ಚುಕ್ಕೆಯ ಎನ್ ಬರುವಂತೆ.

ಮ್ಯಾಕ್‌ನಲ್ಲಿ ಎಬಿಸಿ ಎಕ್ಸ್‌ಟೆಂಡೆಡ್ ಕೀಲಿಮಣೆ ಎಲ್ಲವನ್ನೂ ಕೊಡುತ್ತದೆ: ಆಪ್ಷನ್ ಜೊತೆ ಇ ಒತ್ತಿ ಎಸ್ ಹೊಡೆದರೆ ಓರೆಗೆರೆ, ಆಪ್ಷನ್ ಜೊತೆ ಎಕ್ಸ್ ಒತ್ತಿ ಅಕ್ಷರ ಹೊಡೆದರೆ ಕೆಳಚುಕ್ಕೆ, ಆಪ್ಷನ್ ಜೊತೆ ಎ ಒತ್ತಿ ಸ್ವರ ಹೊಡೆದರೆ ಅಡ್ಡಗೆರೆ. ಲಿನಕ್ಸ್‌ನಲ್ಲಿ ಕಂಪೋಸ್ ಕೀಲಿ, ಒಂಟಿ ಉದ್ಧರಣ ಚಿಹ್ನೆ, ಎಸ್. ಕೆಳಚುಕ್ಕೆಗೆ ಉದ್ಧರಣದ ಬದಲು ಆಶ್ಚರ್ಯಸೂಚಕ. ಐಫೋನಿನಲ್ಲಿ ಎಸ್ ಒತ್ತಿ ಹಿಡಿದರೆ ಓರೆಗೆರೆಯ ಎಸ್ ಕಾಣುತ್ತದೆ. ವೆಬ್ ಪುಟದ ಕೋಡಿನಲ್ಲಿ ಹಾಕುವವರಿಗೆ ದಶಮಾನ ಸಂಖ್ಯೆಗಳು: ಓರೆಗೆರೆಯ ಸಣ್ಣ ಎಸ್ 347, ದೊಡ್ಡದು 346, ಕೆಳಚುಕ್ಕೆಯ ಎಸ್ 7779, ಎನ್ 7751, ಎಲ್ 7735, ಡಿ 7693, ಟಿ 7789, ಅಡ್ಡಗೆರೆಯ ಆ 257, ಈ 299, ಊ 363, ಏ 275, ಓ 333. ಉದ್ದದ ಪಾಠವಿದ್ದರೆ ಅಕ್ಷರಮುಖ ಎಂಬ ಲಿಪಿ ಪರಿವರ್ತಕದಲ್ಲಿ ಕನ್ನಡ ಕೊಟ್ಟು ಐಎಸ್ಒ ಆರಿಸಿ, ಬಂದದ್ದನ್ನು ಒಮ್ಮೆ ಕಣ್ಣಾರೆ ಓದಿ.

ಎಸ್ ಬರೆದು ಪಕ್ಕದಲ್ಲಿ ಬಿಡಿ ಓರೆಗೆರೆಯನ್ನೋ ಉದ್ಧರಣ ಚಿಹ್ನೆಯನ್ನೋ ಅಂಟಿಸುವ ಅಡ್ಡದಾರಿ ಬೇಡ. ಹುಡುಕಾಟದಲ್ಲಿ ಅದು ಸಿಗುವುದಿಲ್ಲ, ಸಾಲು ಮುರಿದಾಗ ಗೆರೆ ಕೆಳಗಿನ ಸಾಲಿಗೆ ಹಾರಬಹುದು.

ಅಚ್ಚಿಗೆ ಕೊಡುವಾಗ

ಓರೆಗೆರೆಯ ಎಸ್ ಹೆಚ್ಚಿನ ಫಾಂಟುಗಳಲ್ಲಿದೆ, ಏಕೆಂದರೆ ಪೋಲಿಷ್‌ಗೆ ಅದು ಬೇಕು. ಕೆಳಚುಕ್ಕೆಯ ಎನ್, ಎಲ್, ಡಿ ಯೂನಿಕೋಡಿನ ಬೇರೆ ವಿಭಾಗದಲ್ಲಿವೆ, ಅಲಂಕಾರದ ಫಾಂಟುಗಳು ಅವನ್ನು ಬಿಟ್ಟಿರುತ್ತವೆ. ಪರಿಣಾಮವಾಗಿ ಫಲಕದ ಮೇಲೆ ಮೊದಲಕ್ಷರ ಸರಿಯಾಗಿದ್ದು, ಮುಂದೆ ಚೌಕಗಳೋ ಬೇರೆ ದಪ್ಪದ ಅಕ್ಷರಗಳೋ ಬರುತ್ತವೆ. ಫಾಂಟ್ ಪರೀಕ್ಷಿಸಲು ‘ಶ್ರೀ’ ಸಾಲದು, ‘ಶ್ರವಣಬೆಳಗೊಳ’ ಪೂರ್ತಿ ಹೊಡೆದು ನೋಡಿ. ನೋಟೊ, ಜೆಂಟಿಯಮ್, ಕ್ಯಾರಿಸ್ ಫಾಂಟುಗಳಲ್ಲಿ ಎಲ್ಲವೂ ಇವೆ.

ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ ಯೂನಿಕೋಡ್ ಅರಿಯದು. ಅದರಲ್ಲಿ ಈ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳದ್ದು ಇನ್ನೊಂದು ಬಗೆಯ ತೊಂದರೆ. ಅವು ಪಶ್ಚಿಮ ಯುರೋಪಿನ ಗುರುತಿನ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿವೆ. ಅದಕ್ಕೇ ನುಡಿಯ ‘ಕನ್ನಡ’ ಬೇರೆ ಫಾಂಟಿನಲ್ಲಿ ತೆರೆದಾಗ ಪಿ, ಎಡಗೆರೆಯ ಎ, ಪೌಂಡ್ ಚಿಹ್ನೆ, ಜರ್ಮನ್ನರ ಜೋಡಿ ಎಸ್ ಎಂದು ಕಾಣುವುದು. ಅದೇ ಕಾರಣಕ್ಕೆ ಕೆಫೆಯ ಫ್ರೆಂಚ್ ಅಕ್ಷರ ನುಡಿ ಫಾಂಟಿಗೆ ಸಿಕ್ಕರೆ ಕನ್ನಡದ ಚೂರಾಗುತ್ತದೆ. ಮುದ್ರಕರಿಗೆ ಯೂನಿಕೋಡ್ ಫಾಂಟ್ ಹುದುಗಿಸಿದ ಪಿಡಿಎಫ್ ಕೊಡಿ, ಬೋರ್ಡು ಬರೆಯುವವರಿಗೆ ಅಕ್ಷರಗಳನ್ನು ಕರ್ವ್ ಮಾಡಿ (ಫಾಂಟ್ ಬೇಡದ ಚಿತ್ರರೇಖೆಗಳಾಗಿ ಬದಲಿಸಿ) ಕೊಡಿ, ಕರಡಚ್ಚು ನೋಡದೆ ಒಪ್ಪಬೇಡಿ.

ಅನುಕ್ರಮಣಿಕೆ ಇರುವ ಪುಸ್ತಕವಾದರೆ ಮೊದಲೇ ತೀರ್ಮಾನಿಸಿ: ಇಂಗ್ಲಿಷ್ ಕ್ರಮವಾದರೆ ಮೂರೂ ಎಸ್ ಒಟ್ಟಿಗೆ, ಕನ್ನಡ ಕ್ರಮವಾದರೆ ಶ, ಷ, ಸ, ಹ ಎಂದು ಬೇರೆ ಬೇರೆ.

ಹುಡುಕಿದರೆ ಪದ ಸಿಗದಿದ್ದಾಗ ಕಾರಣ ಹೆಚ್ಚಾಗಿ ಇದು: ಓರೆಗೆರೆಯ ಎಸ್ ಅನ್ನು ಒಂದೇ ಸಂಕೇತವಾಗಿಯೂ (347) ಇಡಬಹುದು, ಬರೀ ಎಸ್ ಮತ್ತು ಕೂಡುಗೆರೆ (769) ಎಂದು ಎರಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕಡತವನ್ನು ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ, ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಸರಿಹೋಗುತ್ತದೆ. ಶೃಂಗೇರಿಯ ಉಂಗುರದ ಆರ್‌ಗೆ ಮಾತ್ರ ಒಂಟಿ ಸಂಕೇತ ಇಲ್ಲವೇ ಇಲ್ಲ. ಅದು ಯಾವಾಗಲೂ ಆರ್ ಮತ್ತು 805.

ಗುರುತು ಹಾಕಬಾರದ ಕಡೆ

ರಸ್ತೆಯ ದಿಕ್ಕಿನ ಫಲಕಕ್ಕೆ ಈ ಪದ್ಧತಿ ಬೇಡ. ಬರೀ ಸಿ-ಯಿಂದ ಶುರುವಾದ ಚಿಕ್ಕಮಗಳೂರನ್ನು ಇಟಲಿಯವರು ಸರಿಯಾಗಿ ಓದಿಯಾರು. ಇಂಗ್ಲಿಷ್ ಓದುವವರಿಗೆ ಅದು ‘ಸಿಕ್ಕ’, ತುರ್ಕಿಯವರಿಗೆ ‘ಜಿಕ್ಕ’. ಅಲ್ಲಿ 2014ರ ನವೆಂಬರ್ 1ರಿಂದ ಜಾರಿಗೆ ಬಂದ ಅಧಿಕೃತ ಇಂಗ್ಲಿಷ್ ಕಾಗುಣಿತವೇ ಇರಲಿ. ಕಾಫಿ ಪೊಟ್ಟಣದ ಮೇಲೆ ಭೌಗೋಳಿಕ ಸೂಚಕದ (ಜಿಐ) ಹೆಸರು ಹಾಕುವವರು ನೋಂದಣಿಯಲ್ಲಿರುವಂತೆಯೇ ಹಾಕಬೇಕು. 2019ರಲ್ಲಿ ಮಾನ್ಯತೆ ಪಡೆದ ಇಲ್ಲಿನ ಅರೇಬಿಕಾ ಹೆಸರಿನಲ್ಲಿ ಊರಿನ ಹಳೆಯ ಕಾಗುಣಿತವೇ ಇದೆ.

ಹೋಂಸ್ಟೇ ನಡೆಸುವವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ತಿಳಿಸುವ ಸರ್ಕಾರಿ ನಮೂನೆ (ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದದ್ದು) ತುಂಬಬೇಕು. ಆಗ ಪೋಲೆಂಡಿನ ಅತಿಥಿಯ ಪಾಸ್‌ಪೋರ್ಟಿನಲ್ಲಿ ಫೋಟೊ ಪಕ್ಕದ ಹೆಸರಿಗೆ ಓರೆಗೆರೆ ಇರುತ್ತದೆ, ಪುಟದ ಬುಡದಲ್ಲಿರುವ ಯಂತ್ರ ಓದುವ ಎರಡು ಸಾಲುಗಳಲ್ಲಿ ಇರುವುದಿಲ್ಲ. ಆ ಸಾಲುಗಳಲ್ಲಿ ತಲಾ 44 ಸ್ಥಾನಗಳು, ಅವುಗಳಲ್ಲಿ ಗುರುತಿಲ್ಲದ ದೊಡ್ಡಕ್ಷರ, ಅಂಕಿ ಮತ್ತು ಖಾಲಿ ತುಂಬುವ ಬಾಣದ ಚಿಹ್ನೆಗೆ ಮಾತ್ರ ಅವಕಾಶ. ಓರೆಗೆರೆ, ವಿ ಗುರುತು, ಕೊಕ್ಕೆ ಯಾವುದಿದ್ದರೂ ಅಲ್ಲಿ ಬರೀ ಎಸ್. ಜರ್ಮನ್ನರ ವಿಶೇಷ ಎಸ್ ಮಾತ್ರ ಎರಡು ಎಸ್. ನಮೂನೆಗೆ ಆ ಬುಡದ ಸಾಲಿನ ರೂಪವನ್ನೇ ಇಳಿಸಿಕೊಳ್ಳಿ. ಸ್ವಾಗತದ ಚೀಟಿಯಲ್ಲಿ ಮಾತ್ರ ಫೋಟೊ ಪಕ್ಕದ ಹೆಸರನ್ನು ಗೆರೆ ಸಮೇತ ಬರೆಯಿರಿ, ಅವರ ಭಾಷೆಯಲ್ಲಿ ಅದು ಬೇರೆಯದೇ ಅಕ್ಷರ.